ಕ್ರೇಟಾಸ್ ಮುಚ್ಚಿಟ್ಟ ಕತ್ತಿಗಳು

ಕೇಳುಗರೇ, ನಮಸ್ಕಾರ. ವಿಡಿಯೊ ಗೇಮ್ ಅಂದ್ರೆ ಬರೀ ಹೊಡೆದಾಟ ಅಂತ ಮೂಗು ಮುರಿಯುವ ಅಪ್ಪ-ಅಮ್ಮಂದಿರಿಗೇ ಇವತ್ತಿನ ನನ್ನ ಮಾತು. ಹತ್ತು ನಿಮಿಷ ಕೇಳಿ, ಆಮೇಲೆ ಬೈಯಿರಿ.

'ಗಾಡ್ ಆಫ್ ವಾರ್' ಅನ್ನುವ ಗೇಮ್ 2005ರಲ್ಲಿ ಬಂತು. ಅದರ ನಾಯಕ ಕ್ರೇಟಾಸ್, ಸ್ಪಾರ್ಟಾದ ಯೋಧ. ಯುದ್ಧದೇವತೆಯ ಮೋಸಕ್ಕೆ ಸಿಕ್ಕಿ ತನ್ನ ಹೆಂಡತಿ, ಮಗಳನ್ನೇ ಕೊಂದವನು. ಅವರ ಬೂದಿ ಮೈಗೆ ಅಂಟಿಕೊಂಡು ಅವನು ಬಿಳಿಚಿಕೊಂಡಿದ್ದಾನೆ. ಆ ಸಿಟ್ಟಿನಲ್ಲಿ ಗ್ರೀಕ್ ದೇವತೆಗಳನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. 2010ರ ಮೂರನೇ ಗೇಮ್‌ನಲ್ಲಿ, ಬಾಗಿಲು ಮುಚ್ಚದಿರಲಿ ಅಂತ, ಬೇಡಿಕೊಳ್ಳುತ್ತಿರುವ ಹೆಂಗಸೊಬ್ಬಳನ್ನು ಯಂತ್ರಕ್ಕೆ ಸಿಕ್ಕಿಸಿ ನಡೆದುಬಿಡುತ್ತಾನೆ. ಗೇಮ್ ಅವಳನ್ನು ತಿರುಗಿಯೂ ನೋಡುವುದಿಲ್ಲ.

2018ರಲ್ಲಿ ಅದೇ ಕ್ರೇಟಾಸ್ ಮತ್ತೆ ಬಂದ. ಈಗ ಗಡ್ಡ ಬಿಟ್ಟಿದ್ದಾನೆ, ಇರುವುದು ಹಿಮದ ನಾರ್ಸ್ ನಾಡಿನಲ್ಲಿ, ಅಂದ್ರೆ ಉತ್ತರ ಯುರೋಪಿನ ಪುರಾಣಗಳ ಲೋಕದಲ್ಲಿ. ಎರಡನೇ ಹೆಂಡತಿ ತೀರಿಕೊಂಡಿದ್ದಾಳೆ. ಅವಳ ಬೂದಿಯನ್ನು ಎಲ್ಲಕ್ಕಿಂತ ಎತ್ತರದ ಶಿಖರದಲ್ಲಿ ಬಿಡಬೇಕು. ಜೊತೆಗೆ ಮಗ ಅಟ್ರಿಯಸ್. ನಿರ್ದೇಶಕ ಕೋರಿ ಬಾರ್ಲಾಗ್ ಹಳೇ ಕಥೆಯನ್ನು ಮರೆತು ಹೊಸದಾಗಿ ಶುರು ಮಾಡಬಹುದಿತ್ತು. ಮಾಡಲಿಲ್ಲ. ನಾನು ಹೇಳಬೇಕಾದದ್ದು ಇಷ್ಟೇ: ಈ ಗೇಮ್ ಹಳೆಯದನ್ನು ಮರೆಯುವುದಿಲ್ಲ.

ಅವನ ಮುಂಗೈ ನೋಡಿ. ಬಟ್ಟೆ ಸುತ್ತಿಕೊಂಡಿದ್ದಾನೆ. ಹಳೇ ಗೇಮ್‌ಗಳಲ್ಲಿ ಅವನ ಜೋಡಿ ಕತ್ತಿಗಳ ಸರಪಳಿ ಆ ಕೈಗಳನ್ನೇ ಸುಟ್ಟಿತ್ತು. ಆ ಗಾಯದ ಗುರುತು ಮಗನಿಗೆ ಕಾಣಬಾರದು. ತಾನು ದೇವತೆ ಅನ್ನುವುದನ್ನೂ ಮಗನಿಗೆ ಹೇಳಿಲ್ಲ. ತಾನೂ ದೇವತೆಯ ಕುಲ ಅಂತ ಗೊತ್ತಿಲ್ಲದ ಮಗನನ್ನು ಆ ಗುಟ್ಟೇ ಮುಂದೆ ಹಾಸಿಗೆ ಹಿಡಿಸುತ್ತದೆ. ಔಷಧಿ ಇರುವುದು ಸತ್ತವರ ಲೋಕದಲ್ಲಿ. ಅಲ್ಲಿ ಅವನು ಈಗ ಹಿಡಿದಿರುವ ಮಂಜಿನ ಕೊಡಲಿ ನಡೆಯುವುದಿಲ್ಲ, ಬೆಂಕಿಯೇ ಬೇಕು. ಕ್ರೇಟಾಸ್ ದೋಣಿಯಲ್ಲಿ ಒಬ್ಬನೇ ಮನೆಗೆ ವಾಪಸ್ಸಾಗುತ್ತಾನೆ. ನೆಲದಡಿ ಬಚ್ಚಿಟ್ಟಿದ್ದ ಗಂಟು ತೆಗೆಯುತ್ತಾನೆ. ಒಳಗೆ ಅವೇ ಕತ್ತಿಗಳು. ಎದುರಿಗೆ, ಹಿಂದೆ ಅವನನ್ನು ಬಳಸಿಕೊಂಡಿದ್ದ ಗ್ರೀಕ್ ದೇವತೆ ಅಥೀನಾ ಕಾಣಿಸಿಕೊಂಡು, ನೀನು ಎಂದೆಂದಿಗೂ ರಾಕ್ಷಸನೇ ಅಂತ ಚುಚ್ಚುತ್ತಾಳೆ. ಅವನು ಇಲ್ಲ ಅನ್ನುವುದಿಲ್ಲ. ಒಪ್ಪಿಕೊಳ್ಳುತ್ತಾನೆ! ಆದರೆ ಇನ್ನು ನಿನ್ನ ರಾಕ್ಷಸ ಅಲ್ಲ ಅಂತಷ್ಟೇ ಹೇಳಿ, ಸರಪಳಿ ಸುತ್ತಿಕೊಂಡು ಹೊರಡುತ್ತಾನೆ. ಮರುಕ್ಷಣ ಶತ್ರುಗಳು ಮೇಲೆ ಬೀಳುತ್ತಾರೆ. ಹಳೇ ಆಟಗಾರರ ಬೆರಳಿಗೆ ಆ ಕತ್ತಿಯ ಬೀಸು ಚೆನ್ನಾಗಿ ಗೊತ್ತು. ಖುಷಿಯಾಗುತ್ತದೆ, ಜೊತೆಗೇ ಹೊಟ್ಟೆಯಲ್ಲಿ ಏನೋ ಸಂಕಟ. ಹಿಂದೆ ಈ ಕೈಯಿಂದ ಅಷ್ಟೆಲ್ಲ ಮಾಡಿಸಿದವರು ನಾವೇ ಅಲ್ವಾ? ಗೇಮ್ ಅದನ್ನು ಮರೆತಿಲ್ಲ, ಮರೆಯಲು ನಮ್ಮನ್ನೂ ಬಿಡುವುದಿಲ್ಲ.

ಸಮಯ ಮುಗಿಯುತ್ತಾ ಬಂತು. ಶುರುವಿನಿಂದ ಕೊನೆವರೆಗೆ ಕ್ಯಾಮೆರಾ ಒಂದೂ ಕಟ್ ಇಲ್ಲದೆ ಅವನ ಜೊತೆಗೇ ಸಾಗುತ್ತದೆ, ಅದನ್ನು ಗಮನಿಸಿ. 2022ರ 'ರ್‍ಯಾಗ್ನರಾಕ್'ನಲ್ಲಿ ಕಥೆ ಮುಂದುವರಿಯುತ್ತದೆ. ಚಿಕ್ಕ ಮಕ್ಕಳಿಗೆ ಇದು ಬೇಡ, ರಕ್ತ ಜಾಸ್ತಿ. ಕಾಲೇಜು ಮುಗಿಸಿದ ಮಗನೋ ಮಗಳೋ ಆಡುತ್ತಿದ್ದರೆ, ಆ ಗಂಟು ಬಿಚ್ಚುವ ಜಾಗ ಬಂದಾಗ ಕರೆಯಿರಿ ಅಂತ ಹೇಳಿಡಿ. ನಮಸ್ಕಾರ.