ಕೆಳಗಿಟ್ಟರೂ ಕೆಡದ ಕೆಲಸ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದು, ಅರ್ಧಕ್ಕೆ ನಿಂತ ಕೌದಿಯನ್ನೋ ಒಂದೇ ತೋಳಿನ ಸ್ವೆಟರನ್ನೋ ಚೀಲದಲ್ಲಿ ಕಟ್ಟಿ ಎತ್ತಿಟ್ಟಿದ್ದೀರಲ್ಲ, ಅಂಥವರಿಗಾಗಿ ಈ ಹೊತ್ತಿನ ಮಾತು. ಅಮ್ಮಂದಿರೂ ಅಪ್ಪಂದಿರೂ ಕೇಳುತ್ತಿದ್ದೀರಿ ಎಂದುಕೊಂಡೇ ಹೇಳುತ್ತೇನೆ. "ಮಗು ಸ್ವಲ್ಪ ದೊಡ್ಡದಾಗಲಿ, ಬಿಡುವು ಸಿಕ್ಕಮೇಲೆ ನೋಡೋಣ" ಎನ್ನುವುದನ್ನು ದಯವಿಟ್ಟು ಬಿಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಿಡುವು ಅಂದರೆ ಹತ್ತು ನಿಮಿಷ, ಅದೂ ಯಾವಾಗ ಮುರಿದುಬೀಳುತ್ತದೋ ಗೊತ್ತಿಲ್ಲ. ಹಾಗಿರುವಾಗ ಬಿಡುವು ಹುಡುಕಿ ಫಲವಿಲ್ಲ, ಕೆಲಸವನ್ನೇ ಬದಲಾಯಿಸಬೇಕು. ಯಾವ ಗಳಿಗೆಯಲ್ಲಿ ಕೆಳಗಿಟ್ಟರೂ ಕೆಡದಂಥ ಕೆಲಸ ಆರಿಸಿಕೊಳ್ಳಿ. ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದನ್ನು ಮಾಡುವ ಬಗೆ.

ಹೆಣಿಗೆಯಿಂದ ಶುರುಮಾಡೋಣ. ಎರಡು ಬಿಡಿ ಕಡ್ಡಿಗಳನ್ನು ಸದ್ಯಕ್ಕೆ ಎತ್ತಿಡಿ. ಮಗು ಒಂದನ್ನು ಎಳೆದರೆ ಸಾಲಿಗೆ ಸಾಲೇ ಜಾರಿಹೋಗುತ್ತದೆ. ಎರಡು ಗಿಡ್ಡ ಕಡ್ಡಿಗಳ ನಡುವೆ ಬಾಗುವ ಕೇಬಲ್ ಇರುತ್ತದಲ್ಲ, ಸರ್ಕ್ಯುಲರ್ ಕಡ್ಡಿ, ಅದನ್ನು ತೆಗೆದುಕೊಳ್ಳಿ. ಅದು ಟೋಪಿಗೆ ಮಾತ್ರ ಎಂದು ತಿಳಿದವರಿದ್ದಾರೆ. ಹಾಗಿಲ್ಲ, ಸಾಲಿನ ಕೊನೆಗೆ ಬಂದು ತಿರುಗಿಸಿಕೊಂಡರೆ ಚಪ್ಪಟೆಯಾದ ಬಟ್ಟೆಯನ್ನೂ ಅದರಲ್ಲೇ ಹೆಣೆಯಬಹುದು. ಮಗು ಎದ್ದು ಅತ್ತಾಗ ಕುಣಿಕೆಗಳನ್ನೆಲ್ಲ ಕೇಬಲ್ಲಿನ ಮಧ್ಯಕ್ಕೆ ತಳ್ಳಿ, ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟುಬಿಡಿ. ಮೂರು ದಿನ ಬಿಟ್ಟು ಬಂದರೂ ಒಂದು ಕುಣಿಕೆಯೂ ಅಲುಗಿರುವುದಿಲ್ಲ.

ಸಾಲು ಮುಗಿಸಿಯೇ ಇಡಬೇಕೆಂದು ಹಳಬರು ಹೇಳುತ್ತಾರೆ. ಸರಿಯೇ, ಆದರೆ ಮಗು ಕಾಯುವುದಿಲ್ಲ. ಸಾಲಿನ ನಡುವೆಯೇ ಬಿಟ್ಟರೆ ಆಗುವ ತಪ್ಪು ಒಂದೇ. ಮತ್ತೆ ಕೈಗೆತ್ತಿಕೊಂಡಾಗ ಕಡ್ಡಿಗಳು ಅದಲುಬದಲಾಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೆಣೆಯತೊಡಗುತ್ತೀರಿ. ಅಲ್ಲಿ ತೂತು ಬೀಳುತ್ತದೆ, ಒಂದು ಕಡೆ ಎರಡು ಸಾಲು ಹೆಚ್ಚಾಗುತ್ತದೆ. ಇದಕ್ಕೆ ಗುರುತು ಸುಲಭ. ಉಂಡೆಯಿಂದ ಬರುವ ಉಲ್ಲನ್ ಯಾವ ಕಡ್ಡಿಯಿಂದ ಇಳಿಬಿದ್ದಿದೆಯೋ ಅದು ಬಲಗೈಗೆ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಉಲ್ಲನ್ ಇಳಿಬಿದ್ದದ್ದು ಬಲಗೈಗೆ.

ಇನ್ನು ಏನು ಹೆಣೆಯಬೇಕು? ಪ್ರತಿ ಸಾಲಿಗೂ ಚಾರ್ಟ್ ನೋಡಬೇಕಾದ ಜಾಲರಿ ವಿನ್ಯಾಸ ಈಗ ಬೇಡ. ಹತ್ತಿ ನೂಲಿನಲ್ಲಿ ಒಂದು ಕೈಒರಸು ಹೆಣೆಯಿರಿ, ಮೂಲೆಯಿಂದ ಮೂಲೆಗೆ ಬೆಳೆಯುವಂಥದ್ದು. 4 ಕುಣಿಕೆ ಹಾಕಿ, ಒಂದು ಸಾಲು ನಿಟ್ ಮಾಡಿ, ನಿಟ್ ಅಂದರೆ ಸಾದಾ ಹೆಣಿಗೆ. ಆಮೇಲೆ ಪ್ರತಿ ಸಾಲೂ ಒಂದೇ ಥರ: 2 ನಿಟ್, ನೂಲನ್ನು ಒಮ್ಮೆ ಕಡ್ಡಿಯ ಮೇಲೆ ಸುತ್ತಿಕೊಂಡು, ಉಳಿದದ್ದೆಲ್ಲ ನಿಟ್. ಪ್ರತಿ ಸಾಲಿಗೆ ಒಂದು ಕುಣಿಕೆ ಹೆಚ್ಚುತ್ತದೆ. 44 ಆದಾಗ ಇಳಿಸಲು ಶುರು: 1 ನಿಟ್, 2 ಸೇರಿಸಿ ಒಂದು, ಸುತ್ತು, ಮತ್ತೆ 2 ಸೇರಿಸಿ ಒಂದು, ಉಳಿದದ್ದೆಲ್ಲ ನಿಟ್. 4ಕ್ಕೆ ಬಂದಾಗ ಮುಚ್ಚಿಬಿಡಿ. ಇಡೀ ಬಟ್ಟೆಗೆ ನೆನಪಿಡಬೇಕಾದ ಸಾಲುಗಳು ಎರಡೇ ಎರಡು. ಎಲ್ಲಿ ನಿಲ್ಲಿಸಿದ್ದೀರೆಂದು ಬಟ್ಟೆಯ ಆಕಾರವೇ ಹೇಳುತ್ತದೆ. ಅಗಲವಾಗುತ್ತಿದ್ದರೆ ಏರುತ್ತಿದ್ದೀರಿ, ಕಿರಿದಾಗುತ್ತಿದ್ದರೆ ಇಳಿಯುತ್ತಿದ್ದೀರಿ. ತಿರುವಿನ ಸಾಲಿಗೆ ಬೇರೆ ಬಣ್ಣದ ನೂಲಿನ ತುಂಡೊಂದನ್ನು ಕಟ್ಟಿದರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಗುರುತು ಬಳೆಗಳು ಬೇಡ, ಕೆಳಗೆ ಬಿದ್ದರೆ ಮಗುವಿನ ಬಾಯಿಗೇ ಹೋಗುತ್ತವೆ.

ಸ್ವೆಟರೇ ಬೇಕು ಎನ್ನುವವರು 10 ಸಾಲಿಗೊಮ್ಮೆ ನುಣುಪಾದ ತೆಳ್ಳನೆಯ ದಾರವನ್ನು ಸೂಜಿಯಲ್ಲಿ ಪೋಣಿಸಿ, ಕಡ್ಡಿಯ ಮೇಲಿನ ಅಷ್ಟೂ ಕುಣಿಕೆಗಳೊಳಗಿಂದ ಎಳೆದು ಬಿಡಿ. ನಾಳೆ ಲೆಕ್ಕ ತಪ್ಪಿ ಬಿಚ್ಚಬೇಕಾಗಿ ಬಂದರೆ ಬಿಚ್ಚುವುದು ಆ ದಾರದಲ್ಲೇ ನಿಲ್ಲುತ್ತದೆ. ಮತ್ತೆ, ಹೆಣೆಯುವ ನಿಮ್ಮ ವೇಗಕ್ಕಿಂತ ಮಗು ಬೆಳೆಯುವ ವೇಗ ಹೆಚ್ಚು. ಈಗಿನ ಅಳತೆ ಹಿಡಿಯಬೇಡಿ, ಒಂದು ವರ್ಷ ಮುಂದಿನದು ಹಿಡಿಯಿರಿ. ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುವ ಮಾದರಿಯಾದರೆ ಕೆಳಗಿನ ಅಂಚನ್ನು ಬಿಚ್ಚಿ ಉದ್ದ ಮಾಡಲೂ ಬರುತ್ತದೆ.

ಈಗ ಕೌದಿಗೆ ಬರೋಣ. ಇಲ್ಲಿ ನಿಮಗೊಂದು ನಡೆದ ಕಥೆ ಹೇಳಲೇಬೇಕು. ಸ್ವಲ್ಪ ಉದ್ದ, ಆದರೆ ನನ್ನ ಮಾತೆಲ್ಲ ಅದರೊಳಗಿದೆ.

1942ರ ಫೆಬ್ರುವರಿಯಲ್ಲಿ ಸಿಂಗಾಪುರ ಜಪಾನಿನ ಸೇನೆಯ ವಶವಾಯಿತು. ಅಲ್ಲಿದ್ದ ಬ್ರಿಟಿಷ್, ಆಸ್ಟ್ರೇಲಿಯನ್ ಮತ್ತಿತರ ನಾಗರಿಕರನ್ನು ಚಾಂಗಿ ಸೆರೆಮನೆಗೆ ಹಾಕಿದರು. ಗಂಡಸರು ಒಂದು ಕಡೆ, ಹೆಂಗಸರು ಮಕ್ಕಳು ಇನ್ನೊಂದು ಕಡೆ. ಆ ಮಕ್ಕಳಲ್ಲಿ ಕೆಲವು ಹುಡುಗಿಯರನ್ನು ಸೇರಿಸಿ ಎಲಿಜಬೆತ್ ಎನ್ನಿಸ್ ಎಂಬಾಕೆ ಸೆರೆಮನೆಯೊಳಗೇ ಗರ್ಲ್ ಗೈಡ್ಸ್ ಗುಂಪು ಕಟ್ಟಿದರು. ಆಕೆಯ ಹುಟ್ಟುಹಬ್ಬಕ್ಕೆ ಏನಾದರೂ ಕೊಡಬೇಕೆಂದು ಹುಡುಗಿಯರಿಗೆ ಆಸೆ. ಗುಟ್ಟಾಗಿ ಒಂದು ಕೌದಿ ಹೊಲಿಯಲು ನಿಶ್ಚಯಿಸಿದರು. ಮೇಜಿಲ್ಲ, ಮಷೀನಿಲ್ಲ, ಹೊಸ ಬಟ್ಟೆಯಂತೂ ಇಲ್ಲವೇ ಇಲ್ಲ. ಸಿಕ್ಕ ಚಿಂದಿಯನ್ನೆಲ್ಲ ಆರು ಮೂಲೆಯ ಪುಟ್ಟ ತುಂಡುಗಳಾಗಿ ಕತ್ತರಿಸಿ, ಒಂದರ ಸುತ್ತ ಆರು ಜೋಡಿಸಿ ಹೂವು ಮಾಡಿದರು. ಹೂವಿಗೆ ಹೂವು ಸೇರಿ ಕೌದಿ ಬೆಳೆಯಿತು. ಅದು ಇವತ್ತಿಗೂ ಬ್ರಿಟನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿದೆ.

ಅದೇ ಸೆರೆಮನೆಯಲ್ಲಿ ಕೆನಡಾದ ಎಥೆಲ್ ಮಲ್ವನಿ ದೊಡ್ಡವರಿಂದಲೂ ಕೌದಿ ಹೊಲಿಸಿದರು. ಒಬ್ಬೊಬ್ಬ ಹೆಂಗಸಿಗೂ 6 ಅಂಗುಲದ ಒಂದು ಬಿಳಿ ಚೌಕ ಕೊಟ್ಟು, ನಿಮ್ಮದೇನನ್ನಾದರೂ ಇದರ ಮೇಲೆ ಕಸೂತಿ ಮಾಡಿ, ಹೆಸರು ಹಾಕಿ ಎಂದರು. ಒಂದು ಕೌದಿಗೆ 66 ಚೌಕ, ಅಂಥ ಮೂರು ಕೌದಿ. ಗಾಯಾಳುಗಳ ಆಸ್ಪತ್ರೆಗೆ ಎಂದು ಹೇಳಿ ಅವನ್ನು ಹೊರಗೆ ಕಳಿಸಿದರು. ತಮ್ಮ ಹೆಂಡಂದಿರು ಬದುಕಿದ್ದಾರೆಂಬ ಸುದ್ದಿ ಆ ಹೆಸರುಗಳಿಂದ ಗಂಡಸರಿಗೆ ಮುಟ್ಟಲಿ ಎಂಬುದು ಒಳಗಿನ ಉದ್ದೇಶ. ಎರಡು ಕೌದಿಗಳು ಈಗ ಆಸ್ಟ್ರೇಲಿಯಾದ ಯುದ್ಧ ಸ್ಮಾರಕದಲ್ಲಿವೆ.

ಅವರ ಧೈರ್ಯ ದೊಡ್ಡದು, ಅದನ್ನು ನಾನು ಬೇರೆ ಹೇಳಬೇಕಿಲ್ಲ. ಆದರೆ ಕೆಲಸ ಕಲಿಯುವವರಾಗಿ ನಾವು ಆ ತುಂಡಿನ ಅಳತೆಯನ್ನು ನೋಡಬೇಕು. ಹುಡುಗಿಯ ಅಂಗೈಯಲ್ಲಿ ಹಿಡಿಯುವ ತುಂಡು, ಹೆಂಗಸಿನ ಮಡಿಲಲ್ಲಿ ಹಿಡಿಯುವ ಚೌಕ. ಯಾವಾಗ ಬೇಕಾದರೂ ಕೆಳಗಿಡಬಹುದು, ಕೆಡುವಂಥದ್ದೇನೂ ಇಲ್ಲ. ನಿಮಗೂ ಅದೇ ಬೇಕಾಗಿರುವುದು.

ಆ ಆರು ಮೂಲೆಯ ತುಂಡನ್ನು ಮಾಡುವ ಬಗೆ ಹೇಳುತ್ತೇನೆ, ಬರೆದುಕೊಳ್ಳಿ. ಪೋಸ್ಟ್ ಕಾರ್ಡಿನಷ್ಟು ದಪ್ಪದ ಕಾಗದದಲ್ಲಿ ಪ್ರತಿ ಬದಿಯೂ 1 ಅಂಗುಲ ಇರುವ ಷಟ್ಕೋನಗಳನ್ನು ಕತ್ತರಿಸಿ. ಬಟ್ಟೆಯನ್ನು ಎರಡೂವರೆ ಅಂಗುಲದ ಚೌಕಗಳಾಗಿ ಕತ್ತರಿಸಿ, ಅಷ್ಟೇ ಸಾಕು. ಕಾಗದವನ್ನು ಚೌಕದ ನಡುವೆ ಇಟ್ಟು, ಒಂದೊಂದೇ ಬದಿಯನ್ನು ಬಿಗಿಯಾಗಿ ಹಿಂದಕ್ಕೆ ಮಡಿಸುತ್ತ, ಪ್ರತಿ ಮೂಲೆಯಲ್ಲೂ ಮಡಿಕೆಯ ಬಟ್ಟೆಗೆ ಮಾತ್ರ ಒಂದು ಟಾಕು ಹಾಕಿ. ಸೂಜಿ ಕಾಗದವನ್ನು ಚುಚ್ಚಬಾರದು. ಎರಡು ತುಂಡುಗಳ ಬಣ್ಣದ ಮುಖ ಒಳಗಿರುವಂತೆ ಜೋಡಿಸಿ ಹಿಡಿದು, ಅಂಚಿನಲ್ಲಿ ಬಟ್ಟೆಯ ಒಂದೆರಡು ಎಳೆಯನ್ನಷ್ಟೇ ಎತ್ತಿಕೊಂಡು ಒತ್ತೊತ್ತಾಗಿ ಸುತ್ತುಹೊಲಿಗೆ ಹಾಕಿ. ಒಂದು ಬದಿಗೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಒಂದು ಹೂವಿಗೆ 7 ತುಂಡು, 12 ಬದಿ. ಒಂದು ತುಂಡಿನ ಆರೂ ಬದಿಗೆ ಜೊತೆ ಸಿಕ್ಕ ಮೇಲೆ ಅದರ ಕಾಗದ ತೆಗೆದು ಮತ್ತೆ ಬಳಸಿ.

ಕೆಡುವುದು ಎರಡೇ ಕಡೆ. ಬಟ್ಟೆ ಕಾಗದಕ್ಕೆ ಸಡಿಲವಾಗಿ ಸುತ್ತಿದ್ದರೆ ಮೂಲೆಗಳು ಕೂಡುವುದಿಲ್ಲ. ಇನ್ನೊಂದು, ಕತ್ತರಿಸಿದ ಕಾಗದದ ಸುತ್ತ ಗೆರೆ ಎಳೆದು ಮುಂದಿನದು, ಅದರ ಸುತ್ತ ಇನ್ನೊಂದು ಹೀಗೆ ಮಾಡುತ್ತ ಹೋದರೆ ಪ್ರತಿ ಸಲವೂ ಪೆನ್ಸಿಲ್ ಗೆರೆಯಷ್ಟು ದೊಡ್ಡದಾಗುತ್ತದೆ. ಎಲ್ಲವನ್ನೂ ಮೊದಲನೆಯ ಒಂದೇ ಅಚ್ಚಿನಿಂದ ಗುರುತು ಮಾಡಿ.

ರಾತ್ರಿ ತೂಗುವ ಕಣ್ಣಿನಲ್ಲಿ ಸೂಜಿಗೆ ದಾರ ಪೋಣಿಸುವುದರಲ್ಲೇ ನಿಮ್ಮ ಹತ್ತು ನಿಮಿಷ ಹೋಗುತ್ತದೆ. ಹಗಲು ಬೆಳಕಿನಲ್ಲಿ 10 ಸೂಜಿಗಳನ್ನು ಒಂದರ ಹಿಂದೆ ಒಂದು ದಾರದ ರೀಲಿಗೇ ಪೋಣಿಸಿಡಿ. ಬೇಕಾದಾಗ ಮೊದಲ ಸೂಜಿಯನ್ನು ಮುಕ್ಕಾಲು ಮೊಳದಷ್ಟು ಎಳೆದುಕೊಂಡು, ಉಳಿದ ಒಂಬತ್ತನ್ನು ಹಿಂದಕ್ಕೆ ಸರಿಸಿ, ದಾರ ಕತ್ತರಿಸಿ. ಅದಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ.

ಮಷೀನಿನಲ್ಲಿ ಹೊಲಿಯುವವರಿಗೆ ಚೌಕಗಳೇ ಸರಿ. 5 ಅಂಗುಲದ 64 ಚೌಕ, 8 ಸಾಲು, ಸಾಲಿಗೆ 8. ಹೊಲಿಗೆಗೆ ಕಾಲು ಅಂಗುಲ ಬಿಟ್ಟರೆ 36 ಅಂಗುಲದ ಆಟದ ಹಾಸು ಆಗುತ್ತದೆ. 44 ಅಂಗುಲ ಅಗಲದ ಬಟ್ಟೆ ಒಂದೂಕಾಲು ಮೀಟರ್ ಸಾಕು. ನಿಮ್ಮ ಕಷ್ಟ ಬರುವುದು ಆ ಕಾಲು ಅಂಗುಲದಲ್ಲಿ. ಒಂದೇ ಸಲ ಕೂತು ಹೊಲಿದವರ ಅಂಚು ತಪ್ಪಿದರೂ ಒಂದೇ ಸಮ ತಪ್ಪಿರುತ್ತದೆ, ಸಾಲುಗಳು ಕೂಡುತ್ತವೆ. ನೀವು ಹತ್ತು ದಿನ ಹತ್ತು ತುಣುಕು ಹೊತ್ತಿನಲ್ಲಿ ಹೊಲಿದಾಗ ಇವತ್ತಿನ ಅಂಚು ನಿನ್ನೆಯ ಅಂಚಿನಂತಿರುವುದಿಲ್ಲ. ಹೊಲಿಗೆಯ ಅಂಚು ಅಂಗುಲದ ಹದಿನಾರನೇ ಒಂದು ಪಾಲು ಹೆಚ್ಚಾದರೂ 8 ಚೌಕದ ಸಾಲು ಹೆಚ್ಚುಕಡಿಮೆ ಒಂದು ಅಂಗುಲ ಗಿಡ್ಡವಾಗುತ್ತದೆ. ಅದಕ್ಕೇ ಸೂಜಿಯಿಂದ ಕಾಲು ಅಂಗುಲಕ್ಕೆ ಮಷೀನಿನ ತಟ್ಟೆಯ ಮೇಲೆ ದಪ್ಪ ಟೇಪಿನ ಪಟ್ಟಿ ಅಂಟಿಸಿ, ಬಟ್ಟೆಯ ಅಂಚು ಅದಕ್ಕೆ ತಾಗುತ್ತಲೇ ಸಾಗಲಿ. ಹೊಲಿಗೆಯ ಹಿಂಬದಿಯ ಮಡಿಕೆಗಳನ್ನು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ ಇಸ್ತ್ರಿ ಮಾಡಿ, ಆಗ ಮೂಲೆಗಳು ಒಂದಕ್ಕೊಂದು ಕಚ್ಚಿ ಕೂರುತ್ತವೆ. ನೆಲದ ಮೇಲೆ ಹರಡಿದ ಚೌಕಗಳ ಫೋಟೋ ತೆಗೆದಿಡಿ. ಪ್ರತಿ ಸಾಲಿನ ಎಡತುದಿಯ ಚೌಕಕ್ಕೆ ಸಾಲಿನ ಸಂಖ್ಯೆ ಬರೆದ ಚೀಟಿಯನ್ನು ಒಂದು ಟಾಕು ಹಾಕಿ ಸಿಕ್ಕಿಸಿ. ಅಂಬೆಗಾಲಿನ ಮಗು ಹರಡಿದ ಚೌಕಗಳ ಮೇಲೆ ಹಾಯ್ದುಹೋಗುವುದು ಖಂಡಿತ.

ಹೊತ್ತು ಓಡುತ್ತಿದೆ, ಅಪಾಯದ ವಿಚಾರ ಬೇಗ ಹೇಳಿಬಿಡುತ್ತೇನೆ. ಕೆಲಸವನ್ನು ಎರಡು ಪಾಲು ಮಾಡಿ. ಕತ್ತರಿಸುವುದು, ಇಸ್ತ್ರಿ, ಗುಂಡುಪಿನ್ನು, ಇವು ಮಗು ಗಾಢ ನಿದ್ದೆಯಲ್ಲಿರುವಾಗ, ಇಲ್ಲವೇ ಮನೆಯಲ್ಲಿ ಇನ್ನೊಬ್ಬರು ಮಗುವನ್ನು ನೋಡಿಕೊಳ್ಳುವಾಗ ಮಾತ್ರ. ಒಂದೇ ಸಲಕ್ಕೆ ವಾರಕ್ಕಾಗುವಷ್ಟು ಕತ್ತರಿಸಿ ಡಬ್ಬಿಗೆ ಹಾಕಿ. ತಿರುಗು ಅಲಗಿನ ಕಟರ್ ಬಳಸುವವರು ಪ್ರತಿ ಕೊಯ್ತಕ್ಕೂ ಅಲಗು ಮುಚ್ಚಬೇಕು, ಫೋನ್ ಬಂತೆಂದು ಹಾಗೇ ಇಟ್ಟು ಏಳುವಂತಿಲ್ಲ. ಮಷೀನಿನಿಂದ ಎದ್ದರೆ ಪ್ಲಗ್ ತೆಗೆಯಿರಿ, ಕೆಳಗಿನ ಪೆಡಲ್ ಮಕ್ಕಳ ಕಾಲಿಗೆ ಸರಿಯಾಗಿ ಸಿಗುವ ಎತ್ತರದಲ್ಲಿರುತ್ತದೆ. ಪಿನ್ನುಗಳನ್ನು ಎಣಿಸಿ: 20 ತೆಗೆದರೆ 20 ವಾಪಸು ಬರಬೇಕು, ಒಂದು ಕಡಿಮೆಯಾದರೂ ಹುಡುಕಿಯೇ ಮಗುವನ್ನು ನೆಲಕ್ಕೆ ಬಿಡಿ. ಪಿನ್ನು ಹಿಡಿಯಲೆಂದು ಬಿಡಿ ಆಯಸ್ಕಾಂತದ ಗುಂಡಿಗಳನ್ನು ಮನೆಗೆ ತರಲೇಬೇಡಿ. ಎರಡು ಗುಂಡಿ ನುಂಗಿದರೆ ಕರುಳಿನ ಮಡಿಕೆಗಳ ಆಚೆ ಈಚೆ ಒಂದಕ್ಕೊಂದು ಅಂಟಿ ಕರುಳನ್ನೇ ತೂತು ಮಾಡುತ್ತವೆ. ಹಾಗೆ ಅನುಮಾನ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಕೈ ಹೊಲಿಗೆಯ ಡಬ್ಬಿ ಮಾತ್ರ ಯಾವಾಗಲೂ ಹತ್ತಿರವಿರಲಿ, ಮಗುವಿಗೆ ತೆಗೆಯಲಾಗದ ತಿರುಪು ಮುಚ್ಚಳದ್ದು. ಆಡುವ ಮಗುವನ್ನು ಕಾಯುವಾಗ, ಮಗ್ಗಿ ಒಪ್ಪಿಸುವುದನ್ನು ಕೇಳುವಾಗ ಒಂದು ಬದಿ ಹೊಲಿದಾಗುತ್ತದೆ.

ಇನ್ನೊಂದು ಮಾತು, ಇದನ್ನು ಹೇಳದೆ ಏಳಲಾರೆ. ವರ್ಷ ತುಂಬದ ಮಗು ಮಲಗುವ ಜಾಗದಲ್ಲಿ ಕೌದಿಯಾಗಲಿ, ಹೆಣೆದ ಶಾಲಾಗಲಿ ಇರಕೂಡದು. ಮುಖಕ್ಕೆ ಮುಚ್ಚಿಕೊಂಡು ಉಸಿರು ಕಟ್ಟಬಹುದು. ಎಷ್ಟೇ ಪ್ರೀತಿಯಿಂದ ಮಾಡಿದ್ದಾದರೂ ಅಷ್ಟರವರೆಗೆ ಅದು ನೆಲದ ಮೇಲಿನ ಹಾಸು, ಅದೂ ನೀವು ಪಕ್ಕದಲ್ಲಿರುವಾಗ. ಹಾಗೆಯೇ ಕಾಲುಚೀಲ, ಕೈಗವಸುಗಳ ಒಳಗೆ ಸಡಿಲ ದಾರ ಬಿಡಬೇಡಿ. ಎಳೆ ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಡದಂತೆ ಬಿಗಿಯುತ್ತದೆ. ತೊಡಿಸುವ ಮೊದಲು ಪ್ರತಿ ಸಲವೂ ಒಳಮಗ್ಗುಲು ತಿರುಗಿಸಿ ನೋಡಿ.

ಇವತ್ತು ರಾತ್ರಿ ಹಳೆಯ ಅಂಗಿಯೊಂದನ್ನು ಹುಡುಕಿ, ಎರಡೂವರೆ ಅಂಗುಲದ 7 ಚೌಕ ಕತ್ತರಿಸಿ ಡಬ್ಬಿಗೆ ಹಾಕಿಡಿ. ನಾಳೆಯ ಹತ್ತು ನಿಮಿಷಕ್ಕೆ ಅಷ್ಟು ಸಾಕು.

ನಮಸ್ಕಾರ.