ಸೋಯಾ ಹೊಲಕ್ಕೆ ಇಳಿದ ಹೆಲಿಕಾಪ್ಟರ್

ಎಲ್ರಿಗೂ ನಮಸ್ಕಾರ. ಜನವರಿ 26 ಅಂದ್ರೆ ನಿಮಗೆಲ್ಲ ಧ್ವಜ, ಪರೇಡು, ಸ್ಕೂಲಲ್ಲಿ ಕೊಡೋ ಬೂಂದಿಲಾಡು ನೆನಪಾಗತ್ತೆ ಅಲ್ವಾ, ನನಗೆ ಮಾತ್ರ ಒಲೆ ಬೂದಿ ನೆನಪಾಗತ್ತೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಸುತ್ತಿ ಬಳಸಿ ಹೇಳೋದು ನನ್ನ ಅಭ್ಯಾಸ, ಸಹಿಸ್ಕೊಳ್ಳಿ.

ನಾನು ಹಾಸನದ ಕಡೆಯವಳು. ಮದುವೆಯಾಗಿ ನಮ್ಮನೆಯವ್ರ ಜೊತೆ ಅಮೆರಿಕಕ್ಕೆ ಹೋದೆ, ಅವರು ಡಾಕ್ಟ್ರು. ಆಗ ಅಲ್ಲಿ ಸಣ್ಣ ಸಣ್ಣ ಊರಿನ ಆಸ್ಪತ್ರೆಗಳಿಗೆ ಡಾಕ್ಟ್ರು ಸಿಗೋದೇ ಕಷ್ಟ, ಹಂಗಾಗಿ ನಮ್ಮ ದೇಶದೋರು ತುಂಬಾ ಜನ ಅಂಥ ಕಡೆ ಹೋಗಿ ಸೇರ್ಕೊಂಡಿದ್ರು. ನಾವಿದ್ದದ್ದು ಒಹಾಯೊ ರಾಜ್ಯದ ವಾಯವ್ಯ ಮೂಲೇಲಿ, ಟೊಲೀಡೊ ನಗರದಿಂದ ದಕ್ಷಿಣಕ್ಕೆ. ಅದೆಲ್ಲ ಒಂದು ಕಾಲದಲ್ಲಿ ದೊಡ್ಡ ಜೌಗು, ಕಾಲುವೆ ತೋಡಿ ನೀರು ಹರಿಸಿ ಹೊಲ ಮಾಡ್ಕೊಂಡಿದ್ದು. ದೋಸೆ ಕಾವಲಿ ಥರ ಚಪ್ಪಟೆ, ಕಣ್ಣು ಹಾಯಿಸಿದಷ್ಟು ದೂರ ಜೋಳ, ಸೋಯಾ. ಗುಡ್ಡ ಇಲ್ಲ, ಕಾಡಿಲ್ಲ, ಗಾಳಿಗೆ ಅಡ್ಡ ನಿಲ್ಲೋದು ಏನಂದ್ರೆ ಏನೂ ಇಲ್ಲ. ನಮ್ಮ ಬಾಡಿಗೆ ಮನೆ ಪಕ್ಕ ಒಂದು ಹಸುವಿನ ಫಾರ್ಮು, ಗಂಡ ಹೆಂಡ್ತಿ, ಇಬ್ರು ಬೆಳೆದ ಗಂಡು ಮಕ್ಕಳು, ಒಬ್ಬರು ಅಜ್ಜಿ.

1978ರ ಜನವರಿ 25, ಬುಧವಾರ ರಾತ್ರಿ ಮಳೆ ಬರ್ತಿತ್ತು. ಹಿಮ ಅಲ್ಲ, ಮಳೆ, ಜೊತೆಗೆ ಮಂಜು. ಆ ತಿಂಗಳೆಲ್ಲ ಹಿಮ ಬಿದ್ದು ಬಿದ್ದು ಸಾಕಾಗಿತ್ತು, ಸದ್ಯ ಚಳಿ ಮುರೀತಲ್ಲ ಅಂದ್ಕೊಂಡು, ನಾಳೆ ರಿಪಬ್ಲಿಕ್ ಡೇ, ಕೇಸರಿಬಾತ್ ಮಾಡೋಣ ಅಂತ ರವೆ ಹುರಿದಿಟ್ಟು ಮಲಗಿದೆ. ನಮ್ಮನೆಯವ್ರಿಗೆ ನೈಟ್ ಡ್ಯೂಟಿ. ಬೆಳಗಿನ ಜಾವ ಎಚ್ಚರ ಆಗಿದ್ದು ಸದ್ದಿಗೆ. ರೈಲು ಮನೆ ಮೇಲೇ ಹೋಗ್ತಿದೆ ಅನ್ನೋ ಹಂಗೆ, ಮತ್ತೆ ಆ ರೈಲು ಮುಗೀತಾನೇ ಇಲ್ಲ. ಕಿಟಕೀಲಿ ನೋಡಿದ್ರೆ ಬರೀ ಬಿಳಿ, ಅಂಗಳದ ಮರ ಕಾಣಲ್ಲ, ಕಿಟಕಿ ಕಟ್ಟೆ ಕೂಡ ಕಾಣಲ್ಲ.

ಆಮೇಲೆ ತಿಳಿದಿದ್ದು, ದಕ್ಷಿಣದ ಮೆಕ್ಸಿಕೊ ಕೊಲ್ಲಿ ಕಡೆಯಿಂದ ಒಂದು ಬಿರುಗಾಳಿ, ಉತ್ತರದ ಚಳಿ ಗಾಳಿ ಹೊತ್ಕೊಂಡು ಇನ್ನೊಂದು, ಎರಡೂ ಒಂದಾಗಿಬಿಟ್ಟಿದ್ವು. ಕ್ಲೀವ್‌ಲ್ಯಾಂಡ್‌ನಲ್ಲಿ ಗಾಳಿ ಒತ್ತಡ 958 ಮಿಲಿಬಾರಿಗೆ ಇಳಿದಿತ್ತಂತೆ, ಮಾಮೂಲಿ ಇರೋದು 1013ರ ಆಸುಪಾಸು. ಹಿಂದಿನ ನವೆಂಬರ್‌ನಲ್ಲಿ ಆಂಧ್ರದ ದಿವಿಸೀಮೆ ಕಡೆ ಸೈಕ್ಲೋನು ಬಂದು ಸಾವಿರಾರು ಜನ ಹೋದ್ರಲ್ಲ, ಅಂಥ ಚಂಡಮಾರುತದಲ್ಲಿ ಕೇಳೋ ಅಂಕಿ ಇದು, ಸಮುದ್ರನೇ ಇಲ್ಲದ ಜೋಳದ ಹೊಲದ ಮೇಲೆ! ಗಂಟೆಗೆ ನೂರು ಕಿಲೋಮೀಟರ್ ದಾಟಿದ ಗಾಳಿ. ಹೊಸದಾಗಿ ಬಿದ್ದ ಹಿಮಕ್ಕಿಂತ ನೆಲದ ಮೇಲಿದ್ದ ಹಳೇ ಹಿಮಾನೇ ಎತ್ತಿ ಎತ್ತಿ ಎಸೀತಿತ್ತು.

ಕರೆಂಟು ಹೋಯ್ತು. ನಮ್ಮನೆ ಕಾಯಿಸೋ ಫರ್ನೇಸಿಗೆ ಎಣ್ಣೆ ಬೇಕಾದಷ್ಟಿತ್ತು, ಆದ್ರೆ ಬಿಸಿ ಗಾಳಿ ಊದೋ ಫ್ಯಾನಿಗೆ ಕರೆಂಟ್ ಬೇಕಲ್ಲ. ಬಾವಿ ಪಂಪಿಗೂ ಕರೆಂಟೇ. ಒಂದು ದಬರಿ ತುಂಬ ಹಿಮ ಕರಗಿಸಿದ್ರೆ ಬರೋದು ಒಂದು ಚೊಂಬು ನೀರು, ಅದರಲ್ಲೂ ಹುಲ್ಲು ಕಡ್ಡಿ. ಫೋನ್ ಮಾತ್ರ ಬದುಕಿತ್ತು, ಎಕ್ಸ್‌ಚೇಂಜಲ್ಲಿ ಅವರದ್ದೇ ಬ್ಯಾಟರಿ ಇರತ್ತಂತೆ. ಆಸ್ಪತ್ರೆಯಿಂದ ನಮ್ಮನೆಯವ್ರು ಫೋನ್ ಮಾಡಿ, ನಾನು ಬರೋಕಾಗಲ್ಲ ಕಣೇ, ಹಗಲು ಶಿಫ್ಟಿನ ಡಾಕ್ಟ್ರು ಬಂದಿಲ್ಲ, ನರ್ಸುಗಳೂ ಬಂದಿಲ್ಲ, ಮಗೂನ ಕರ್ಕೊಂಡು ಪಕ್ಕದ ಫಾರ್ಮಿಗೆ ಹೋಗು ಅಂದ್ರು. ಹೋಗು ಅಂತಾರೆ, ಹೆಂಗೆ ಹೋಗೋದು? ಮಧ್ಯಾಹ್ನದ ಹೊತ್ತಿಗೆ ಆ ಹುಡುಗರಿಬ್ರು ಸೊಂಟಕ್ಕೆ ಹಗ್ಗ ಕಟ್ಕೊಂಡು ಬಂದ್ರು, ಹಗ್ಗದ ಇನ್ನೊಂದು ತುದಿ ಅವರ ಕೊಟ್ಟಿಗೆ ಕಂಬಕ್ಕೆ. ಎರಡು ವರ್ಷದ ಮಗೂನ ಒಬ್ಬ ಕೋಟಿನೊಳಗೆ ಹಾಕ್ಕೊಂಡು ಗುಂಡಿ ಹಾಕಿದ, ನಾನು ಸೀರೆ ಮೇಲೆ ನಮ್ಮನೆಯವ್ರ ಪ್ಯಾಂಟು ಏರಿಸ್ಕೊಂಡು ಹಿಂದೆ ಹಿಂದೆ. ನಾಲ್ಕು ಹೆಜ್ಜೆ ಅನ್ನೋ ದಾರಿ, ಅರ್ಧ ಗಂಟೆ ಹಿಡೀತು.

ಅಲ್ಲಿ ಸೌದೆ ಒಲೆ ಇತ್ತು. ನಮ್ಮಜ್ಜಿ ಮನೆ ಒಲೆ ಮುಂದೆ ಕೂತಷ್ಟು ಸಮಾಧಾನ ಆಯ್ತು ಅನ್ನಿ. ಆದ್ರೆ ಅವರ ಕಷ್ಟ ಬೇರೆ ಇತ್ತು. ಹಿಮ ಬರ್ಲಿ ಪ್ರಳಯ ಬರ್ಲಿ ಹಸು ದಿನಕ್ಕೆ ಎರಡು ಸಲ ಕರೀಲೇಬೇಕು, ಇಲ್ದಿದ್ರೆ ಕೆಚ್ಚಲು ಬಾವು ಬರತ್ತೆ. ಟ್ರ್ಯಾಕ್ಟರಿಂದ ಜನರೇಟರ್ ಓಡಿಸಿ ಮಷೀನಲ್ಲಿ ಕರೀತಿದ್ರು, ಹಾಲು ಹೋಗಿ ದೊಡ್ಡ ಸ್ಟೀಲ್ ಟ್ಯಾಂಕಲ್ಲಿ ತುಂಬತ್ತೆ, ದಿನ ಬಿಟ್ಟು ದಿನ ಲಾರಿ ಬಂದು ಒಯ್ಯತ್ತೆ. ಈಗ ಲಾರಿ ಎಲ್ಲಿಂದ ಬರ್ಬೇಕು, ಒಹಾಯೊ ಟರ್ನ್‌ಪೈಕ್ ಅನ್ನೋ ಹೆದ್ದಾರೀನೇ ಈ ತುದಿಯಿಂದ ಆ ತುದೀವರೆಗೆ ಮುಚ್ಚಿದ್ರು, ಅದು ಹಂಗೆ ಮುಚ್ಚಿದ್ದು ಅದೇ ಮೊದಲಂತೆ. ಟ್ಯಾಂಕ್ ತುಂಬ್ತು. ಶುಕ್ರವಾರ ಸಂಜೆ ಯಜಮಾನರು ಮಾತಾಡದೆ ಹೋಗಿ ಕೆಳಗಿನ ನಲ್ಲಿ ತಿರುಗಿಸಿಬಿಟ್ರು. ಬಿಳೀ ಹಿಮದ ಮೇಲೆ ಬಿಳೀ ಹಾಲು, ಹರಿಯೋದು ಕಾಣ್ಲಿಲ್ಲ, ಬರೀ ಆವಿ ಏಳ್ತಿತ್ತು. ಆ ಸೀಮೇಲಿ ಎಷ್ಟೋ ಫಾರ್ಮುಗಳಲ್ಲಿ ಇದೇ ಕಥೆ.

ಒಂದು ತೊಟ್ಟು ಹಾಲು ಉಕ್ಕಿದ್ರೆ ಬೈಸ್ಕೊಂಡು ಬೆಳೆದೋಳು ನಾನು. ನನಗೆ ತಡೆಯಕ್ಕಾಗ್ಲಿಲ್ಲ. ಅವರ ಅತಿ ದೊಡ್ಡ ಪಾತ್ರೆ ಯಾವುದು ಅಂತ ಕೇಳಿ, ಅದರ ತುಂಬ ಹಾಲು ತಂದು ಸೌದೆ ಒಲೆ ಮೇಲಿಟ್ಟು ಖೋವಾ ಕಾಯಿಸೋಕೆ ಕೂತೆ. ಗುರುವಾರ ರಾತ್ರಿ ಹೆಪ್ಪು ಹಾಕೋಕೆ ಮೊಸರಿಲ್ದೆ ಒದ್ದಾಡಿದ್ದು ಇನ್ನೊಂದು ಕಥೆ, ಬಿಡಿ. ಅವರಿಗೆಲ್ಲ ಪರಮಾಶ್ಚರ್ಯ, ಅಷ್ಟು ಹಾಲಿಗೆ ಇಷ್ಟೇನಾ ಅಂತ. ಅಜ್ಜಿಗೆ ಮಾತ್ರ ತುಂಬಾ ಇಷ್ಟ ಆಗಿ ಕೈ ಚಾಚಿದ್ರು, ಸೊಸೆ ಥಟ್ಟಂತ ಕೈ ಹಿಡ್ಕೊಂಡ್ರು. ಆಗ ಗೊತ್ತಾಯ್ತು ಅಜ್ಜಿಗೆ ಸಕ್ಕರೆ ಕಾಯಿಲೆ, ಮತ್ತೆ ಇನ್ಸುಲಿನ್ ಬಾಟ್ಲೀಲಿ ತಳದಲ್ಲಿ ಸ್ವಲ್ಪ ಉಳಿದಿದೆ ಅಂತ.

ಶೆರಿಫ್, ಅಂದ್ರೆ ಅಲ್ಲಿನ ಜಿಲ್ಲಾ ಪೊಲೀಸ್ ಮುಖ್ಯಸ್ಥರ ಆಫೀಸಿಗೆ ಫೋನ್ ಮಾಡಿ ಮಾಡಿ ಕೊನೆಗೆ ಸಿಕ್ಕಿದ್ರು, ಹೆಸರು ಬರ್ಕೊಂಡ್ರು. ಬ್ಯಾಟರಿ ರೇಡಿಯೋದಲ್ಲಿ ಕೇಳ್ತಿದ್ವಿ, ಗವರ್ನರ್ ಜೇಮ್ಸ್ ರೋಡ್ಸ್ ನ್ಯಾಷನಲ್ ಗಾರ್ಡ್ ಅನ್ನೋ ರಾಜ್ಯದ ಮೀಸಲು ಸೇನೆ ಕರೆಸಿದಾರೆ, 5000ಕ್ಕೂ ಹೆಚ್ಚು ಜನ, 45 ಹೆಲಿಕಾಪ್ಟರು. ಬಹುತೇಕ ಹ್ಯೂಯಿ ಅಂತ ಕರೀತಿದ್ದಂಥವು, ವಿಯೆಟ್ನಾಂನಲ್ಲಿ ಓಡಾಡಿದ ಜಾತಿ. ಆ ಯುದ್ಧ ಮುಗಿದು ಮೂರು ವರ್ಷವೂ ಆಗಿರ್ಲಿಲ್ಲ, ಅಲ್ಲಿ ಹಾರಿಸಿದ ಪೈಲಟ್‌ಗಳೇ ಇಲ್ಲಿ ಡಯಾಲಿಸಿಸ್ ಪೇಶೆಂಟು, ಹೆರಿಗೆ ಹೆಂಗಸು, ಔಷಧಿ ಡಬ್ಬ ಹೊತ್ಕೊಂಡು ಹಾರ್ತಿದ್ರು.

ಶನಿವಾರ ಗಾಳಿ ಇಳೀತು. ಹೊರಗೆ ಬಂದು ನೋಡಿದ್ರೆ ವಿಚಿತ್ರ, ಮನೆಯ ಒಂದು ಕಡೆ ಹಿಮ ಮಹಡಿ ಕಿಟಕಿಗೆ ಮುಟ್ಟಿದೆ, ಆಚೆ ಸೋಯಾ ಹೊಲದಲ್ಲಿ ಗಾಳಿ ಗುಡಿಸಿ ಗುಡಿಸಿ ಬೆರಳುದ್ದಾನೂ ಉಳಿದಿಲ್ಲ. ಅಲ್ಲೇ ಇಳೀಲಿ ಅಂತ ಹುಡುಗರು ಒಲೆ ಬೂದಿ ಬಕೆಟಲ್ಲಿ ತಂದು ದೊಡ್ಡ ಎಕ್ಸ್ ಗುರುತು ಹಾಕಿದ್ರು, ನಾನೂ ಎರಡು ಬಕೆಟ್ ಹೊತ್ತೆ, ರಂಗೋಲಿ ಹಾಕಿದ ಕೈ ಅಲ್ವಾ, ಗೆರೆ ನೇರ ಬಂದಿದ್ದು ನಂದೇ. ಟಪ ಟಪ ಟಪ ಅಂತ ಸದ್ದು ಬಂತು. ನಮ್ಮೂರಲ್ಲಿ ಹೆಲಿಕಾಪ್ಟರ್ ಅಂದ್ರೆ ದೊಡ್ಡ ಮನುಷ್ಯರು ಬಂದು ಕೈ ಬೀಸಿ ಹೋಗೋದು, ಪೊಲೀಸರು ನಮ್ಮನ್ನ ದೂರ ತಳ್ಳೋದು. ಇಲ್ಲಿ ಒಬ್ಬ ಮುದುಕಿಯ ಔಷಧಿಗೆ ಅಷ್ಟು ದೊಡ್ಡ ಯಂತ್ರ ಇಳೀತಿದೆ. ನಾನು ಬಾಯಿ ಬಿಟ್ಕೊಂಡು ನಿಂತಿದ್ದೆ, ನಿಲ್ಲಬಾರದಿತ್ತು, ರೆಕ್ಕೆ ಗಾಳಿಗೆ ಬೂದಿಯೆಲ್ಲ ಎದ್ದು ಬಾಯಿ ಮೂಗು ತುಂಬ್ತು. ಎಲ್ರೂ ವಿಭೂತಿ ಬಳ್ಕೊಂಡ ಶಿವಗಣದ ಹಂಗೆ ಆಗಿಬಿಟ್ವಿ. ಸೈನಿಕ ಒಬ್ಬ ಬಗ್ಗಿಕೊಂಡೇ ಓಡಿ ಬಂದು ಒಂದು ಪೊಟ್ಟಣ ಕೊಟ್ಟ, ಮನೇಲಿ ಎಷ್ಟು ಜನ, ಸೌದೆ ಇದೆಯಾ, ಮಗು ಆರಾಮಿದೆಯಾ ಅಂತ ಕೇಳಿದ, ನನ್ನ ಬೂದಿ ಮುಖ ನೋಡಿ ನಕ್ಕ, ಹೋದ. ಎರಡು ನಿಮಿಷ ಇರಬಹುದು ಅಷ್ಟೆ.

ಎಲ್ರಿಗೂ ಅದೃಷ್ಟ ಹಂಗಿರ್ಲಿಲ್ಲ. ಒಹಾಯೊ ಒಂದರಲ್ಲೇ 51 ಜನ ಹೋದ್ರು, ಕಾರಲ್ಲಿ ಸಿಕ್ಕಿಬಿದ್ದು, ಕಾರು ಬಿಟ್ಟು ನಡೀತೀನಿ ಅಂತ ಹೊರಟು, ಕೆಲವರು ಬೆಚ್ಚಗಿಲ್ಲದ ತಮ್ಮ ಮನೇಲೇ. ಮ್ಯಾನ್ಸ್‌ಫೀಲ್ಡ್ ಹತ್ರ ಒಬ್ಬ ಲಾರಿ ಡ್ರೈವರು ಲಾರಿ ಸಮೇತ ಹಿಮದಡಿ ಹೂತು ಹೋಗಿ, ಹಿಮಾನೇ ತಿಂದ್ಕೊಂಡು ಆರನೇ ದಿನ ಜೀವಂತ ಸಿಕ್ಕಿದ.

ನಮ್ಮನೆಯವ್ರು ಬಂದಿದ್ದು ಭಾನುವಾರ ಮಧ್ಯಾಹ್ನ, ಯಾರೋ ಪುಣ್ಯಾತ್ಮರ ಫೋರ್ ವೀಲ್ ಡ್ರೈವ್ ಜೀಪಲ್ಲಿ, ಗಡ್ಡ ಬಿಟ್ಕೊಂಡು, ಕಣ್ಣು ಕೆಂಪಗೆ. ನಾನು ಓಡಿ ಹೋಗಿ ಖೋವಾ ತಂದು ಕೈಗಿಟ್ಟೆ. ಆಸ್ಪತ್ರೇಲಿ ಮೂರು ದಿನ ಹಾಲು ಬ್ರೆಡ್ಡೇ ಗತಿಯಾಗಿತ್ತಂತೆ, ಮುಖ ಕಿವುಚಿ ಪಕ್ಕಕ್ಕಿಟ್ರು. "ಅದಿರ್ಲಿ ಕಣೇ, ಸಾರು ಇದ್ಯಾ?"