ನಾಲ್ಕು ಸ್ಕ್ರೂ ಬಿಚ್ಚಿದರೆ ಟೆಲಿಕಾಸ್ಟರ್

ಟೇಬಲ್ ಮೇಲೆ ಹಳೇ ಟವೆಲ್ ಹಾಸಿದ್ದೇನೆ. ಅದರ ಮೇಲೆ ಬೋರಲಾಗಿ ಮಲಗಿರುವುದು ನನ್ನ ಎಲೆಕ್ಟ್ರಿಕ್ ಗಿಟಾರ್, ಟೆಲಿಕಾಸ್ಟರ್. 1950ರ ದಶಕದ್ದಲ್ಲ, ಅಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಅದೇ ಹಳೇ ಅಳತೆ ಹಿಡಿದು ಮಾಡಿದ ಹೊಸದು. ಮಳೆಗಾಲ ಶುರುವಾದ ಮೇಲೆ ಇದರ ನೆಕ್, ಅಂದರೆ ಬೆರಳಿಟ್ಟು ತಂತಿ ಒತ್ತುವ ಉದ್ದ ಕತ್ತು, ಸ್ವಲ್ಪ ಬಾಗಿದೆ. ತಂತಿ ಮೇಲಕ್ಕೆದ್ದು, ಒತ್ತಿದರೆ ಬೆರಳು ಉರಿಯುತ್ತದೆ. ಅದನ್ನು ಸರಿ ಮಾಡುತ್ತಲೇ ಮಾತಾಡೋಣ.

ಇದನ್ನು ಮಾಡಿದವರು ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಓದಿದ್ದು ಲೆಕ್ಕಪತ್ರ. ಗಿಟಾರ್ ನುಡಿಸೋಕೆ ಬರುತ್ತಿರಲಿಲ್ಲ. ಆದರೆ ಕೆಟ್ಟು ಬಂದ ಆಂಪ್ಲಿಫೈಯರ್‌ಗಳನ್ನು ದಿನಾ ಬಿಚ್ಚಿ ನೋಡುತ್ತಿದ್ದರು. ನನ್ನ ಪ್ರಕಾರ ಟೆಲಿಕಾಸ್ಟರ್‌ನ ಗುಟ್ಟೆಲ್ಲ ಇರೋದು ಇಲ್ಲೇ. ಇದು ಸಂಗೀತಗಾರನ ತಲೆಯಿಂದ ಬಂದ ವಾದ್ಯವಲ್ಲ, ರಿಪೇರಿಯವನ ತಲೆಯಿಂದ ಬಂದದ್ದು.

ಆ ಕಾಲದ ಎಲೆಕ್ಟ್ರಿಕ್ ಗಿಟಾರ್‌ಗಳು ಹೆಚ್ಚಾಗಿ ಟೊಳ್ಳು. ಆಂಪ್ ಜೋರು ಮಾಡಿದರೆ ಅದರ ಸದ್ದಿಗೆ ಟೊಳ್ಳು ಬಾಡಿಯೇ ನಡುಗಿ, ಆ ನಡುಕ ಮತ್ತೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಮಾಡುವ ಭಾಗ) ಸೇರಿ, ಕುಯ್ಯ್ ಅಂತ ಕೂಗೋಕೆ ಶುರು. ಗಟ್ಟಿ ಮರ ಹಾಕಿದರೆ ಆ ತಾಪತ್ರಯ ಕಡಿಮೆ. ಈ ಯೋಚನೆ ಫೆಂಡರ್‌ಗೆ ಮಾತ್ರ ಬಂದಿತ್ತು ಅಂತಲ್ಲ. ಗಿಟಾರ್ ವಾದಕ ಲೆಸ್ ಪಾಲ್ ಒಂದು ಮರದ ತೊಲೆಗೇ ತಂತಿ ಕಟ್ಟಿ ನೋಡಿದ್ದರು. ಪಾಲ್ ಬಿಗ್ಸ್‌ಬಿ 1948ರಲ್ಲಿ ಇನ್ನೊಬ್ಬ ವಾದಕ ಮರ್ಲ್ ಟ್ರಾವಿಸ್‌ಗೆ ಒಂದು ಸೊಗಸಾದ ಗಿಟಾರ್ ಮಾಡಿಕೊಟ್ಟಿದ್ದರು. ಆದರೆ ಸಾಲಾಗಿ ಮಾಡಿ, ದುಡಿಯುವ ವಾದಕರ ಕೈಗೆ ಎಟಕುವಂತೆ ಮಾಡಿದ್ದು ಫೆಂಡರ್.

ಹೇಗೆ ಅಂತೀರಾ? ನೋಡಿ, ಸ್ಕ್ರೂ ಬಿಚ್ಚುತ್ತಿದ್ದೇನೆ. ಒಂದು, ಎರಡು, ಮೂರು, ನಾಲ್ಕು. ನೆಕ್ ಕೈಗೆ ಬಂತು. ಅಂಟೂ ಇಲ್ಲ, ಬೆಸುಗೆಯೂ ಇಲ್ಲ. ಉಳಿದದ್ದು ಆಶ್ ಮರದ ಹಲಗೆ, ಸುಮಾರು ನಾಲ್ಕೂವರೆ ಸೆಂಟಿಮೀಟರ್ ದಪ್ಪ. ಉಬ್ಬಿಲ್ಲ, ತಗ್ಗಿಲ್ಲ. ಹಲಸಿನ ಒಂದೇ ದಿಮ್ಮಿಯಲ್ಲಿ ಕೊರೆದ ಏಕಾಂಡ ವೀಣೆ ನೋಡಿದ ಕಣ್ಣಿಗೆ ಇದು ಕೈಗೆಲಸ ಅನ್ನಿಸುವುದೇ ಇಲ್ಲ. ಆಗಿನ ಬೇರೆ ಗಿಟಾರ್ ಕಂಪನಿಯವರೂ ನಕ್ಕಿದ್ದರು. ದೋಣಿಯ ಹುಟ್ಟು ಅಂದರು, ಸಲಿಕೆ ಅಂದರು.

ನೆಕ್ ನೋಡಿ. ಇಡೀ ಮೇಪಲ್ ಮರದ ಒಂದೇ ತುಂಡು. ಬೆರಳಿಡುವ ಪಟ್ಟಿ ಬೇರೆ ಅಂಟಿಸಿಲ್ಲ, ಫ್ರೆಟ್‌ಗಳನ್ನು, ಅಂದರೆ ಲೋಹದ ಅಡ್ಡಪಟ್ಟಿಗಳನ್ನು, ನೇರವಾಗಿ ಮರಕ್ಕೇ ಬಡಿದಿದ್ದಾರೆ. ಸವೆದು ಹೋದರೆ? ಇಡೀ ನೆಕ್ ಬದಲಾಯಿಸಿ, ಅಷ್ಟೇ. ಇಷ್ಟು ಗಟ್ಟಿ ಮೇಪಲ್‌ಗೆ ಒಳಗೆ ಕಬ್ಬಿಣದ ಸರಳು ಯಾಕೆ ಅನ್ನೋದು ಲಿಯೋ ವಾದ. 1950ರ ಮೊದಲ ಎಸ್ಕ್ವೈರ್‌ಗಳಲ್ಲಿ, ಅಂದರೆ ಇದೇ ಗಿಟಾರ್‌ನ ಮೊದಲ ರೂಪದಲ್ಲಿ, ಸರಳೇ ಇರಲಿಲ್ಲ. ನೆಕ್‌ಗಳು ಬಾಗಿದವು. ಆಮೇಲೆ ಬೆನ್ನಿನ ಕಡೆಯಿಂದ ಉದ್ದಕ್ಕೆ ತೋಡಿ ಆ ಸರಳನ್ನು, ಅಂದರೆ ಟ್ರಸ್ ರಾಡ್, ಕೂರಿಸಿ, ಮೇಲೆ ವಾಲ್ನಟ್ ಮರದ ಕಪ್ಪು ಪಟ್ಟಿ ಮುಚ್ಚಿದರು. ಎಲ್ಲರೂ ಅಲಂಕಾರ ಅಂದುಕೊಳ್ಳುವ ಪಟ್ಟಿ ಇದೇ. ಅದು ತಪ್ಪು ತಿದ್ದಿದ ಗುರುತು.

ಆದರೆ ಆ ರಾಡಿನ ತಿರುಪು ಇರೋದು ನೆಕ್‌ನ ಬುಡದಲ್ಲಿ, ಬಾಡಿಯ ಒಳಗೆ. ಕಾಲು ಸುತ್ತು ತಿರುಗಿಸಬೇಕಾದರೂ ನೆಕ್ ಬಿಚ್ಚಲೇಬೇಕು. ರಿಪೇರಿಯವರೇ ಮಾಡಿದ ಗಿಟಾರ್‌ನಲ್ಲಿ ಹೀಗೆ! ಬಾಡಿಯ ಮೇಲೆ ತಂತಿ ಹಿಡಿದಿಡುವ ಬ್ರಿಡ್ಜ್ ಕಥೆಯೂ ಅಷ್ಟೇ. ಆರು ತಂತಿಗೆ ಮೂರೇ ಹಿತ್ತಾಳೆ ಸ್ಯಾಡಲ್, ಅಂದರೆ ತಂತಿ ಕೂರುವ ತುಂಡು. ಒಂದು ತಂತಿಯನ್ನು ಶ್ರುತಿಗೆ ತಂದರೆ ಪಕ್ಕದ್ದು ಮುನಿಸಿಕೊಳ್ಳುತ್ತದೆ. ಆದರೂ ಆ ಸದ್ದಿಗೆ, ಉಕ್ಕಿನ ತಗಡಿನ ಮೇಲೆ ಓರೆಯಾಗಿ ಕೂತ ಆ ಪಿಕಪ್‌ನ ಚುರುಕು ಟಣಟಣಕ್ಕೆ, ನಾನು ಎಲ್ಲ ಮಾಫಿ ಮಾಡುತ್ತೇನೆ.

ಹೆಸರಿನದು ಸಣ್ಣ ತಮಾಷೆ. ಎರಡು ಪಿಕಪ್‌ನದಕ್ಕೆ ಮೊದಲು ಬ್ರಾಡ್‌ಕಾಸ್ಟರ್ ಅಂತ ಇಟ್ಟರು. ಆ ಹೆಸರಿನ ಡ್ರಮ್ ನಮ್ಮದಿದೆ ಅಂತ ಗ್ರೆಚ್ ಕಂಪನಿ ತಕರಾರು ತೆಗೆಯಿತು. ಅಂಟಿಸುವ ಲೇಬಲ್‌ನಿಂದ ಆ ಪದ ಕತ್ತರಿಸಿ ಬರೀ ಫೆಂಡರ್ ಅಂತ ಹಚ್ಚಿ ಕಳಿಸಿದರು. 1951ರಲ್ಲಿ, ಟೆಲಿವಿಷನ್ ಹೊಸದಾಗಿದ್ದ ಕಾಲ, ಟೆಲಿಕಾಸ್ಟರ್ ಆಯಿತು. ಆ ಹೆಸರಿಲ್ಲದ ಗಿಟಾರ್‌ಗಳಿಗೆ ಈಗ ಭಾರೀ ಬೆಲೆ.

ನನಗೆ ಸಿಟ್ಟು ಬರೋದು ಇಲ್ಲೇ. 1990ರ ದಶಕದಿಂದ ಫೆಂಡರ್ ಕಂಪನಿಯೇ ಹೊಸ ಗಿಟಾರನ್ನು ಬೇಕಂತಲೇ ಗೀರಿ, ಬಣ್ಣ ಸವೆಸಿ ಜಾಸ್ತಿ ಬೆಲೆಗೆ ಮಾರುತ್ತಿದೆ. ಸವೆತ ಅನ್ನೋದು ದುಡಿದ ಲೆಕ್ಕ ಅಲ್ವಾ? ಬೇರೆಯವರ ಬೆವರನ್ನು ಕೊಂಡುಕೊಂಡು ಏನು ಮಾಡೋದು? ಇನ್ನೊಂದು ಕಡೆ, ಅಸಲಿ ಹಳೇದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರು. ಬಿಚ್ಚಿ ಸರಿ ಮಾಡಿ ನುಡಿಸಲಿ ಅಂತ ಮಾಡಿದ ಸಾಮಾನು ಇದು.

ಹಳೇ ಫೆಂಡರ್‌ಗಳ ನೆಕ್ ಬುಡದಲ್ಲಿ ಕೆಲಸಗಾರರು ಪೆನ್ಸಿಲ್‌ನಲ್ಲಿ ತಾರೀಖು, ಕೆಲವೊಮ್ಮೆ ಹೆಸರಿನ ಮೊದಲಕ್ಷರ ಬರೆಯುತ್ತಿದ್ದರು. ಟಾಡಿಯೋ ಗೋಮೆಜ್ ಅವರ ಟಿ.ಜಿ. ಅಕ್ಷರಗಳನ್ನು ಈಗಲೂ ಜನ ಹುಡುಕುತ್ತಾರೆ. ನನ್ನದರ ಬುಡದಲ್ಲಿ ಬರೀ ಕಾರ್ಖಾನೆಯ ಮುದ್ರೆ ಇದೆ. ಸರಿ, ರಾಡ್ ಕಾಲು ಸುತ್ತು ಬಿಗಿ ಮಾಡಿದೆ. ತಾಳಿ, ಪೆನ್ಸಿಲ್ ಎಲ್ಲಿ? ಹಾಂ. ಇವತ್ತಿನ ತಾರೀಖು. ಕೆಳಗೆ, "ಕಾಲು ಸುತ್ತು, ಬಲಕ್ಕೆ." ಮುಂದಿನ ಸಲ ಬಿಚ್ಚುವವರಿಗೆ ಬೇಕಾಗುತ್ತದೆ.